ನೋಟಿನ ಮೇಲಿನ ವಾಗ್ದಾನ ಮತ್ತು ನಿಕಾಹ್ ಪುಸ್ತಕದ ಮೆಹರ್

(ಹರಿಹರದ ಕುಟುಂಬ ಸಭೆಯೊಂದರಲ್ಲಿ ಮಾಡಿದ ಭಾಷಣದ ಬರಹ ರೂಪ)



ಇಂದು ನಮಗೆ ಕೊಟ್ಟಿರುವ ವಿಷಯ ಹಣದುಬ್ಬರ ಮತ್ತು ಸರಕಾರಿ ಹಣದ ಕುಸಿತ. ಇದು ಅರ್ಥಶಾಸ್ತ್ರದ ಪ್ರಾಧ್ಯಾಪಕರಿಗೆ ಸೇರಿದ ಸಂಗತಿ, ಸಂಸಾರಸ್ಥರಿಗೆ ಏಕೆ ಎಂದು ಹಿಂದಿನ ಸಾಲಿನಲ್ಲಿ ಕುಳಿತ ಕೆಲವರಿಗೆ ಅನಿಸಿರಬಹುದು. ಹಾಗೆ ಅನಿಸಿದವರು ದಯವಿಟ್ಟು ಜೇಬಿನಿಂದ ನೂರು ರೂಪಾಯಿಯ ನೋಟೊಂದನ್ನು ತೆಗೆದು ನೋಡಬೇಕು. ಅದರ ಹಿಂಬದಿಯಲ್ಲಿ ಹದಿನೈದು ಭಾಷೆಗಳ ಪಟ್ಟಿಯಿದೆ. ನಾಲ್ಕನೆಯ ಸಾಲು ಕನ್ನಡದ್ದು, ಕಟ್ಟಕಡೆಯ ಸಾಲು ಉರ್ದುವಿನದು. ನಮ್ಮ ಮನೆಯ ಎರಡು ಭಾಷೆಗಳೂ ಅಲ್ಲಿವೆ. ಮುಂಬದಿಯಲ್ಲಿ ರಿಸರ್ವ್ ಬ್ಯಾಂಕಿನ ಗವರ್ನರರು, ಈ ನೋಟನ್ನು ತಂದವರಿಗೆ ನೂರು ರೂಪಾಯಿ ಕೊಡುತ್ತೇನೆಂದು ಮಾತು ಕೊಟ್ಟು ಸಹಿ ಹಾಕಿದ್ದಾರೆ. ಆ ಮಾತನ್ನು ನಂಬಿ ನೋಟನ್ನು ಬ್ಯಾಂಕಿಗೆ ಒಯ್ದರೆ ಏನು ಸಿಗುತ್ತದೆ? ಇನ್ನೊಂದು ನೂರರ ನೋಟು. ಆ ನೂರು ರೂಪಾಯಿಗೆ ಎಷ್ಟು ಅಕ್ಕಿ, ಎಷ್ಟು ಎಣ್ಣೆ ಸಿಗಬೇಕೆಂಬ ಬಗ್ಗೆ ಗವರ್ನರರು ಏನನ್ನೂ ಹೇಳಿಲ್ಲ. ಅವರು ಹೇಳದೆ ಬಿಟ್ಟ ಆ ಮಾತು ಯಾರ ಮನೆಗೆ ಎಷ್ಟು ನಷ್ಟ ತರುತ್ತದೆ ಎಂಬುದನ್ನು ಇಂದು ನಾವು ನೋಡಬೇಕಾಗಿದೆ.

ಮೊದಲು ದೊಡ್ಡ ಕುಸಿತಗಳ ಕುರಿತು ಒಂದೆರಡು ಮಾತು. ಬೆಲೆ ಏರುವುದು ಬೇರೆ, ಹಣವೇ ಸಾಯುವುದು ಬೇರೆ. 1956ರಲ್ಲಿ ಫಿಲಿಪ್ ಕೇಗನ್ ಎಂಬ ಅಮೆರಿಕದ ಅರ್ಥಶಾಸ್ತ್ರಜ್ಞರು ಎರಡರ ನಡುವೆ ಒಂದು ಗೆರೆ ಎಳೆದರು. ಬೆಲೆಗಳು ಒಂದೇ ತಿಂಗಳಲ್ಲಿ ಶೇ. 50ಕ್ಕಿಂತ ಹೆಚ್ಚು ಏರಿದರೆ ಅದು ಅತಿ ಹಣದುಬ್ಬರ. ಈ ಗೆರೆಯ ಅರ್ಥವನ್ನು ನಮ್ಮ ದಾವಣಗೆರೆಯ ಮಂಡಕ್ಕಿಯಿಂದಲೇ ತಿಳಿಯಬಹುದು. ಒಂದು ಸೇರು ಮಂಡಕ್ಕಿಗೆ 20 ರೂಪಾಯಿ ಎಂದಿಟ್ಟುಕೊಳ್ಳಿ. ತಿಂಗಳಿಗೆ ಶೇ. 50ರಂತೆ ಏರುತ್ತ ಹೋದರೆ ವರ್ಷ ತುಂಬುವಾಗ ಅದೇ ಸೇರಿಗೆ ಎರಡೂವರೆ ಸಾವಿರ ರೂಪಾಯಿ ಕೊಡಬೇಕಾಗುತ್ತದೆ. ಇದು ಕನಿಷ್ಠ ಮಟ್ಟ. 1923ರ ನವೆಂಬರಿನಲ್ಲಿ ಜರ್ಮನಿಯಲ್ಲಿ ಒಂದು ಡಾಲರಿಗೆ 4.2 ಲಕ್ಷ ಕೋಟಿ ಮಾರ್ಕ್ ಕೊಡಬೇಕಾಗಿತ್ತು. 1946ರ ಜುಲೈಯಲ್ಲಿ ಹಂಗೇರಿಯಲ್ಲಿ ಹದಿನೈದು ಗಂಟೆಗೊಮ್ಮೆ ಬೆಲೆಗಳು ಇಮ್ಮಡಿಯಾದವು. ಜಿಂಬಾಬ್ವೆಯ ಸರಕಾರ 2009ರ ಜನವರಿಯಲ್ಲಿ ನೂರು ಲಕ್ಷ ಕೋಟಿ ಡಾಲರಿನ ನೋಟನ್ನು ಹೊರತಂದು, ಅದೇ ವರ್ಷ ತನ್ನ ಹಣವನ್ನೇ ಕೈಬಿಟ್ಟಿತು. ತೀರ ಇತ್ತೀಚಿನ ಉದಾಹರಣೆ ಲೆಬನಾನ್. 1997ರಿಂದ ಒಂದು ಡಾಲರಿಗೆ ಸುಮಾರು 1,507 ಲಿರಾ ಎಂದು ಸರಕಾರ ಹಿಡಿದಿಟ್ಟಿದ್ದ ದರ 2019ರ ಬಳಿಕ ಮುರಿದುಬಿತ್ತು. 2023ರಲ್ಲಿ ಒಂದು ಡಾಲರಿಗೆ ಎಂಬತ್ತು ತೊಂಬತ್ತು ಸಾವಿರ ಲಿರಾ ಆಯಿತು. ಜೀವಮಾನದ ಉಳಿತಾಯವನ್ನು ಬ್ಯಾಂಕಿನಲ್ಲಿ ಇಟ್ಟಿದ್ದವರು ತಮ್ಮ ಹಣಕ್ಕಾಗಿ ತಾವೇ ಬ್ಯಾಂಕಿನ ಬಾಗಿಲು ಬಡಿಯಬೇಕಾಯಿತು.

ಕಾರಣಗಳು ಊರಿಗೊಂದರಂತೆ ಕಂಡರೂ ಬೇರು ಒಂದೇ. ಯುದ್ಧದಿಂದಲೋ ದುರಾಡಳಿತದಿಂದಲೋ ಉತ್ಪಾದನೆ ನಿಲ್ಲುತ್ತದೆ. ತೆರಿಗೆ ಬರುವುದಿಲ್ಲ, ಸಾಲವೂ ಹುಟ್ಟುವುದಿಲ್ಲ. ಆದರೆ ಸೈನಿಕರಿಗೆ, ನೌಕರರಿಗೆ, ಗುತ್ತಿಗೆದಾರರಿಗೆ ಕೊಡಲೇಬೇಕು. ಆಗ ಸರಕಾರ ಮುದ್ರಣಾಲಯದ ಮೊರೆ ಹೋಗುತ್ತದೆ. ಹೊಸ ನೋಟು ಮೊದಲು ಯಾರ ಕೈಗೆ ಬರುತ್ತದೋ ಅವರು ಹಳೆಯ ಬೆಲೆಗೆ ವಸ್ತು ಕೊಳ್ಳುತ್ತಾರೆ. ಕಟ್ಟಕಡೆಗೆ ಯಾರ ಕೈ ಸೇರುತ್ತದೋ ಅವರು ಹೊಸ ಬೆಲೆ ತೆರುತ್ತಾರೆ. ಆ ಕಟ್ಟಕಡೆಯವರು ಸಾಮಾನ್ಯವಾಗಿ ಕೂಲಿಯವರು, ವಿಧವೆಯರು, ಪಿಂಚಣಿಯವರು.

ನಮ್ಮ ದೇಶದಲ್ಲಿ ಹೀಗಾಗಿದೆಯೇ? ಕೇಗನ್ ಎಳೆದ ಗೆರೆಯನ್ನು ರೂಪಾಯಿ ಎಂದೂ ದಾಟಿಲ್ಲ. ಅಲ್ಲಾಹನಿಗೆ ಸ್ತುತಿ. ಆದರೆ ಮುದ್ರಣಾಲಯದ ರುಚಿಯನ್ನು ನಮ್ಮ ಅಜ್ಜ ಅಜ್ಜಿಯರು ನೋಡಿದ್ದಾರೆ. ಎರಡನೆಯ ಮಹಾಯುದ್ಧದಲ್ಲಿ ಬ್ರಿಟನ್ ಭಾರತದಿಂದ ಬಟ್ಟೆ, ಧಾನ್ಯ, ಉಕ್ಕು ಎಲ್ಲವನ್ನೂ ಖರೀದಿಸಿತು. ಅದರ ಹಣವನ್ನು ಲಂಡನ್ನಿನಲ್ಲಿ ಲೆಕ್ಕಕ್ಕೆ ಬರೆದಿಟ್ಟಿತು. ಆ ಲೆಕ್ಕದ ಆಧಾರದಲ್ಲಿ ಇಲ್ಲಿ ರಿಸರ್ವ್ ಬ್ಯಾಂಕ್ ನೋಟು ಅಚ್ಚು ಹಾಕಿತು. ಆರು ವರ್ಷಗಳಲ್ಲಿ ಚಲಾವಣೆಯ ನೋಟುಗಳು ಆರು ಪಟ್ಟಿಗೂ ಹೆಚ್ಚಾದವು, ಬೆಲೆಗಳು ಎರಡು ಪಟ್ಟು ಮೀರಿದವು. 1943ರಲ್ಲಿ ಬಂಗಾಳದಲ್ಲಿ ಲಕ್ಷಾಂತರ ಜನ ಹಸಿವಿನಿಂದ ಸತ್ತಾಗ ಅಕ್ಕಿ ಇತ್ತು, ಆದರೆ ಅದರ ಬೆಲೆಯನ್ನು ಕೂಲಿಯವನ ಕೈಗೆ ಎಟುಕದ ಎತ್ತರಕ್ಕೆ ಈ ಹಣವೇ ಒಯ್ದಿತ್ತು. ಸರಕಾರಿ ನೌಕರರು ಇಂದು ಪಡೆಯುವ ತುಟ್ಟಿಭತ್ಯೆ ಹುಟ್ಟಿದ್ದೂ ಆ ಯುದ್ಧದ ಕಾಲದಲ್ಲಿ. ಈ ಭತ್ಯೆಯನ್ನು ಸ್ವಲ್ಪ ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ. ಸ್ವಾತಂತ್ರ್ಯಾನಂತರ 1974ರಲ್ಲಿ ಒಂದೇ ವರ್ಷ ಬೆಲೆಗಳು ಶೇ. 28ರಷ್ಟು ಏರಿದವು. ರೇಷನ್ ಅಂಗಡಿಯ ಮುಂದೆ ನಿಂತ ಆ ದಿನಗಳನ್ನು ಇಲ್ಲಿನ ಹಿರಿಯರು ಮರೆತಿರಲಾರರು.

ಈಗ ಸ್ವಲ್ಪ ಹಿಂದೆ ಹೋಗೋಣ. ಹಣವೆಂದರೆ ನಂಬಿಕೆ ಎಂಬುದನ್ನು ನಮ್ಮ ಪೂರ್ವಿಕರು ಬಲ್ಲವರಾಗಿದ್ದರು. ಖಲೀಫಾ ಉಮರ್(ರ) ಅವರು ಒಮ್ಮೆ ಒಂಟೆಯ ಚರ್ಮದಿಂದ ದಿರ್ಹಮ್ ಮಾಡಿಸಲು ಯೋಚಿಸಿದ್ದರೆಂದೂ, ಹಾಗಾದರೆ ಒಂಟೆಗಳೇ ಉಳಿಯಲಾರವು ಎಂದು ಸಂಗಡಿಗರು ಹೇಳಿದಾಗ ಕೈಬಿಟ್ಟರೆಂದೂ ಇತಿಹಾಸಕಾರ ಬಲಾದುರಿ ದಾಖಲಿಸಿದ್ದಾರೆ. ಅಧಿಕಾರವಿದ್ದವರು ಸಲಹೆ ಕೇಳಿ ಹಿಂದೆ ಸರಿದ ಪ್ರಸಂಗವಿದು. ಸುಮಾರು ಏಳು ಶತಮಾನಗಳ ಬಳಿಕ ದಿಲ್ಲಿಯ ಸುಲ್ತಾನ ಮುಹಮ್ಮದ್ ಬಿನ್ ತುಘಲಕ್ ಹಿಂದೆ ಸರಿಯಲಿಲ್ಲ. ಕನ್ನಡಿಗರಿಗೆ ಆತ ಗಿರೀಶ ಕಾರ್ನಾಡರ 1964ರ ನಾಟಕದಿಂದ ಪರಿಚಿತ. ಆದರೆ ಆತನ ಸೈನ್ಯ 1327ರ ಸುಮಾರಿಗೆ ಇದೇ ತುಂಗಭದ್ರೆಯ ದಡದ ಕಂಪಿಲಿ ರಾಜ್ಯವನ್ನು ಗೆದ್ದಿತ್ತೆಂಬುದು ಹಲವರಿಗೆ ತಿಳಿಯದು. 1329ರಿಂದ 1332ರ ಅವಧಿಯಲ್ಲಿ ಆತ ತಾಮ್ರ, ಹಿತ್ತಾಳೆಯ ನಾಣ್ಯಗಳನ್ನು ಹೊರಡಿಸಿ, ಇವನ್ನೇ ಬೆಳ್ಳಿಯೆಂದು ತಿಳಿಯಿರಿ ಎಂದು ಆಜ್ಞಾಪಿಸಿದ. ಸುಲ್ತಾನನಿಗೆ ವಿಧೇಯನಾದವನು ಪರಮ ದಯಾಮಯನಿಗೆ ವಿಧೇಯನಾದಂತೆ ಎಂಬ ಅರ್ಥದ ಬರಹವನ್ನು ಅವುಗಳ ಮೇಲೆ ಕೆತ್ತಿಸಿದ. ಹಣದ ದೌರ್ಬಲ್ಯವನ್ನು ಧರ್ಮದ ಹೆಸರಿನಿಂದ ಮುಚ್ಚುವ ಈ ಚಾಳಿ ಆಳುವವರಲ್ಲಿ ಹಳೆಯದು! ಜನ ವಿಧೇಯರಾಗಲಿಲ್ಲ, ಮನೆಮನೆಯಲ್ಲಿ ಖೋಟಾ ನಾಣ್ಯ ಹುಟ್ಟಿತು. ವ್ಯಾಪಾರಿಗಳು ಅದನ್ನು ಮುಟ್ಟದಾದರು. ಕಡೆಗೆ ಸುಲ್ತಾನ ನಾಣ್ಯಗಳನ್ನು ಹಿಂದಕ್ಕೆ ಪಡೆದ.

ತುಘಲಕನನ್ನು ಹುಚ್ಚನೆಂದು ಕರೆಯುವವರು ಒಂದು ಸಂಗತಿಯನ್ನು ಒಪ್ಪಬೇಕು. ತಾಮ್ರ ತಂದವರಿಗೆ ಆತ ಖಜಾನೆಯಿಂದ ಬೆಳ್ಳಿ ಬಂಗಾರ ಅಳೆದು ಕೊಟ್ಟ. ನಷ್ಟ ಖಜಾನೆಯದಾಯಿತು. ಯಾರ ಬೆರಳಿಗೂ ಶಾಯಿ ಹಚ್ಚಲಿಲ್ಲ.

ನಮ್ಮದೇ ನೆಲದಲ್ಲಿ ಇದಕ್ಕೆ ವಿರುದ್ಧವಾದ ಉದಾಹರಣೆಯೂ ಇದೆ. ದಾವಣಗೆರೆಯನ್ನು ಅಪ್ಪಾಜಿ ರಾಮ್ ಎಂಬ ಮರಾಠಾ ಸರದಾರನಿಗೆ ಜಹಗೀರಾಗಿ ಕೊಟ್ಟು ಅದು ಪೇಟೆಯಾಗಿ ಬೆಳೆಯಲು ಕಾರಣನಾದ ಹೈದರಲಿ, 1763ರಲ್ಲಿ ಬಿದನೂರನ್ನು ಗೆದ್ದ ಬಳಿಕ ತನ್ನ ಹೆಸರಿನ ಬಂಗಾರದ ಹೊನ್ನನ್ನು ಹೊರಡಿಸಿದ. ಅದರ ಒಂದು ಬದಿಯಲ್ಲಿ ಇಕ್ಕೇರಿಯ ಕಾಲದಿಂದ ಬಂದ ಶಿವ ಪಾರ್ವತಿಯರ ರೂಪವನ್ನು ಹಾಗೆಯೇ ಉಳಿಸಿದ. ಇನ್ನೊಂದು ಬದಿಯಲ್ಲಿ ತನ್ನ ಹೆಸರಿನ ಮೊದಲ ಅಕ್ಷರವಾದ 'ಹೇ' ಒಂದನ್ನೇ ಒತ್ತಿಸಿದ. ಪೇಟೆಯ ಸೆಟ್ಟಿಗೂ ಹಳ್ಳಿಯ ರೈತನಿಗೂ ಪರಿಚಿತವಾದ ನಾಣ್ಯದ ರೂಪ ಕೆಡಿಸಿದರೆ ವ್ಯಾಪಾರ ಕೆಡುತ್ತದೆಂಬುದನ್ನು ಓದು ಬರಹವರಿಯದ ಆ ಅರಸ ಅರಿತಿದ್ದ. ಪಕ್ಕದ ಹೈದರಾಬಾದ್ ಸಂಸ್ಥಾನದ ಹಾಲಿ ಸಿಕ್ಕಾ ಕೂಡ ಹೀಗೆಯೇ ಗೌರವದಿಂದ ಕೊನೆಗೊಂಡಿತು. 1948ರಲ್ಲಿ ಸಂಸ್ಥಾನ ಭಾರತದಲ್ಲಿ ಸೇರಿದರೂ ರಾಯಚೂರು, ಗುಲ್ಬರ್ಗ, ಬೀದರಿನ ಜನರಿಗೆ ವರ್ಷಗಳ ಕಾಲಾವಕಾಶ ಸಿಕ್ಕಿತು. ಅವರ ಏಳು ರೂಪಾಯಿಗೆ ಭಾರತದ ಆರು ರೂಪಾಯಿ ಎಂಬ ನಿಶ್ಚಿತ ದರವಿತ್ತು. ಹಣಕ್ಕೂ ಒಂದು ಅಂತ್ಯಕ್ರಿಯೆಯ ಮರ್ಯಾದೆ ಉಂಟು.

ಆ ಮರ್ಯಾದೆ 2016ರ ನವೆಂಬರ್ 8ರ ರಾತ್ರಿ ಸಿಗಲಿಲ್ಲ. ರಾತ್ರಿ ಎಂಟರ ಹೊತ್ತಿಗೆ ಪ್ರಧಾನಿ ನರೇಂದ್ರ ಮೋದಿಯವರು ಟಿವಿಯಲ್ಲಿ ಕಾಣಿಸಿಕೊಂಡು, ಮಧ್ಯರಾತ್ರಿಯಿಂದ 500 ಮತ್ತು 1000 ರೂಪಾಯಿಯ ನೋಟುಗಳು ನಡೆಯವು ಎಂದರು. ಮೌಲ್ಯದಲ್ಲಿ ಅವು ದೇಶದ ಒಟ್ಟು ನೋಟುಗಳ ಶೇ. 86ರಷ್ಟಿದ್ದವು. ಇಂತಹ ರದ್ದತಿ 1946ರಲ್ಲೂ 1978ರಲ್ಲೂ ನಡೆದಿತ್ತು. ಆದರೆ ಆಗ ರದ್ದಾದವು ಬಡವರು ಕಣ್ಣಿನಿಂದಲೂ ಕಂಡಿರದ ದೊಡ್ಡ ನೋಟುಗಳು. 2016ರಲ್ಲಿ ರದ್ದಾದದ್ದು ಹಮಾಲನ ಜೇಬಿನ ನೋಟು.

ನವೆಂಬರ್ ಎಂದರೆ ನಮ್ಮ ಜಿಲ್ಲೆಗೆ ಯಾವ ಕಾಲವೆಂದು ನಿಮಗೆ ಹೇಳಬೇಕಾಗಿಲ್ಲ. ಮೆಕ್ಕೆಜೋಳ ಕೊಯ್ಲಾಗಿ ದಾವಣಗೆರೆಯ ಎಪಿಎಂಸಿಗೆ ಬರುವ ಕಾಲ. ಭದ್ರಾ ನಾಲೆಯ ಭತ್ತ ಹಿಂದೆಯೇ ಬರುತ್ತದೆ. ರೈತನಿಗೆ ದಲಾಲಿ ಅಂಗಡಿಯಿಂದ ನಗದು, ಹಮಾಲನಿಗೆ ಚೀಲದ ಲೆಕ್ಕದಲ್ಲಿ ನಗದು, ಲಾರಿ ಚಾಲಕನಿಗೆ ನಗದು, ಮಂಡಕ್ಕಿ ಭಟ್ಟಿಯಲ್ಲಿ ಬೆಂಕಿಯ ಮುಂದೆ ಬೇಯುವವನಿಗೆ ವಾರದ ಬಟವಾಡೆಯೂ ನಗದು. ಇಡೀ ಪೇಟೆ ನಗದಿನ ಮೇಲೆ ನಡೆಯುವ ತಿಂಗಳಲ್ಲೇ ನಗದು ಸತ್ತಿತು. ರೈತರ ಖಾತೆಗಳಿದ್ದ ಡಿಸಿಸಿ ಬ್ಯಾಂಕುಗಳು ಹಳೆಯ ನೋಟು ಪಡೆಯಬಾರದೆಂದು ನವೆಂಬರ್ 14ರಂದು ರಿಸರ್ವ್ ಬ್ಯಾಂಕ್ ಆದೇಶಿಸಿತು. ಬ್ಯಾಂಕಿನ ಕಿಟಕಿಯಲ್ಲಿ ಬದಲಿಸಿಕೊಡುವ ಮಿತಿ ಮೊದಲು 4,000, ಬಳಿಕ 4,500, ಮತ್ತೆ 2,000 ಆಗಿ, ನವೆಂಬರ್ 24ರ ಬಳಿಕ ಅದೂ ನಿಂತಿತು. ಬದಲಿಸಿಕೊಂಡವರ ಬೆರಳಿಗೆ ಮತದಾನದ ಶಾಯಿ ಹಚ್ಚಲಾಯಿತು. ತನ್ನದೇ ಹಣಕ್ಕೆ ತಾನೇ ಅಪರಾಧಿಯಂತೆ ಗುರುತು ಹಾಕಿಸಿಕೊಂಡ ಪ್ರಜೆಯನ್ನು ಇತಿಹಾಸ ಅಪರೂಪಕ್ಕೆ ಕಂಡಿದೆ.

ಸಾಲಿನಲ್ಲಿ ನಿಂತ ಹೆಂಗಸರ ಬಗ್ಗೆ ಪತ್ರಿಕೆಗಳು ಹೆಚ್ಚು ಬರೆಯಲಿಲ್ಲ. ಸಾಸಿವೆ ಡಬ್ಬಿಯ ಹಣ ಎಂಬ ಮಾತು ನಮ್ಮಲ್ಲಿದೆ. ಗಂಡನಿಗೆ ತಿಳಿಯದಂತೆ, ಬೀಡಿ ಸುತ್ತಿಯೋ ಬಟ್ಟೆ ಹೊಲಿದೋ ಮನೆ ಖರ್ಚಿನಲ್ಲಿ ಉಳಿಸಿಯೋ ಕೂಡಿಟ್ಟ ಹಣ. ಮಗಳ ಫೀಸಿಗೆ, ಕುಡುಕ ಗಂಡ ಕೈಕೊಟ್ಟ ದಿನದ ಅಕ್ಕಿಗೆ ಇರುವ ಹಣ. ನವೆಂಬರ್ 9ರ ಬೆಳಿಗ್ಗೆ ಆ ಡಬ್ಬಿಗಳು ಮನೆಯ ನಡುಮನೆಗೆ ಬಂದವು. ಹೆಣ್ಣಿನ ಒಂದೇ ಒಂದು ಗುಟ್ಟಿನ ರಕ್ಷಣೆಯನ್ನು ಕಪ್ಪುಹಣವೆಂಬ ಹೆಸರಿನಲ್ಲಿ ಹೊರಗೆಳೆಯಲಾಯಿತು. ನಿಜವಾದ ಕಪ್ಪುಹಣದ ಗತಿಯೇನಾಯಿತು? 2018ರ ಆಗಸ್ಟಿನಲ್ಲಿ ರಿಸರ್ವ್ ಬ್ಯಾಂಕಿನ ವಾರ್ಷಿಕ ವರದಿ ಅದಕ್ಕೆ ಉತ್ತರ ಕೊಟ್ಟಿತು. ರದ್ದಾದ ನೋಟುಗಳಲ್ಲಿ ಶೇ. 99.3 ಬ್ಯಾಂಕಿಗೆ ಮರಳಿತ್ತು. ಕಪ್ಪುಹಣ ತಡೆಯಲೆಂದು ಬಂದ ಕ್ರಮದ ಜೊತೆಗೇ ಹುಟ್ಟಿದ 2000 ರೂಪಾಯಿಯ ನೋಟನ್ನು 2023ರ ಮೇ 19ರಂದು ಹಿಂದಕ್ಕೆ ಪಡೆಯುವುದಾಗಿ ಘೋಷಿಸಲಾಯಿತು. ಅದಕ್ಕೂ ಮುನ್ನ 2023ರ ಜನವರಿ 2ರಂದು ಸುಪ್ರೀಂ ಕೋರ್ಟಿನ ಪೀಠ ನಾಲ್ಕು ಮತ್ತು ಒಂದರ ಬಹುಮತದಿಂದ ಈ ಕ್ರಮವನ್ನು ಎತ್ತಿ ಹಿಡಿಯಿತು. ಆ ಒಂದು ಭಿನ್ನ ದನಿ ನಮ್ಮ ಕರ್ನಾಟಕದ ನ್ಯಾಯಮೂರ್ತಿ ಬಿ.ವಿ. ನಾಗರತ್ನರದು. ಇಷ್ಟು ದೊಡ್ಡ ನಿರ್ಧಾರ ಸಂಸತ್ತಿನ ಕಾನೂನಿನ ಮೂಲಕ ಬರಬೇಕಿತ್ತು, ಅಧಿಸೂಚನೆಯ ಮೂಲಕವಲ್ಲ ಎಂಬುದು ಅವರ ತೀರ್ಪು.

2016ರದು ಅತಿ ಹಣದುಬ್ಬರವಲ್ಲ. ಅಲ್ಲಿ ನೋಟು ಹೆಚ್ಚಾಗಲಿಲ್ಲ, ಮಾಯವಾಯಿತು. ಆದರೂ ಎರಡಕ್ಕೂ ಒಂದು ನಂಟಿದೆ. ಸರಕಾರ ಕೊಟ್ಟ ಮಾತನ್ನು ಸರಕಾರವೇ ಮುರಿಯಬಲ್ಲದು, ಮುರಿದಾಗ ತೆರುವವರು ಬೇರೆಯವರು ಎಂಬುದನ್ನು ನಾವು ಕಣ್ಣಾರೆ ಕಂಡೆವು. ಆ ರಾತ್ರಿಯ ಪೆಟ್ಟು ಸದ್ದು ಮಾಡಿತು, ಆದ್ದರಿಂದ ಎಲ್ಲರಿಗೂ ನೆನಪಿದೆ. ಸದ್ದಿಲ್ಲದೆ ವರ್ಷವರ್ಷವೂ ಬೀಳುವ ಇನ್ನೊಂದು ಪೆಟ್ಟನ್ನು ನಾವು ಲೆಕ್ಕಕ್ಕೇ ಹಿಡಿಯುವುದಿಲ್ಲ. 1990ಕ್ಕೆ ಹೋಲಿಸಿದರೆ ನಮ್ಮ ದೇಶದ ಬೆಲೆಗಳು ಇಂದು ಸುಮಾರು ಹತ್ತು ಪಟ್ಟು. ಅಂದರೆ ಅಂದಿನ ನೂರು ರೂಪಾಯಿ ಇಂದು ಹತ್ತು ರೂಪಾಯಿಯ ಕೆಲಸ ಮಾಡುತ್ತದೆ. ಜಿಂಬಾಬ್ವೆಯಲ್ಲಿ ಕೆಲವೇ ದಿನಗಳಲ್ಲಿ ಆದದ್ದು ಇಲ್ಲಿ ಮೂವತ್ತೈದು ವರ್ಷಗಳಲ್ಲಿ ಆಗಿದೆ, ಅಷ್ಟೇ ವ್ಯತ್ಯಾಸ. ಯಾರ ಆದಾಯ ಬೆಲೆಯೊಂದಿಗೆ ಏರುತ್ತದೋ ಅವರಿಗೆ ಇದು ತಟ್ಟುವುದಿಲ್ಲ. ಆಗ ಹೇಳಿದ ತುಟ್ಟಿಭತ್ಯೆ ನೆನಪಿದೆಯಲ್ಲ? ಸರಕಾರಿ ನೌಕರನಿಗೆ ಅದು ಕಾಲಕಾಲಕ್ಕೆ ಏರುತ್ತದೆ. ನಾವು ಅದನ್ನು ಟೀಕಿಸುತ್ತಿಲ್ಲ, ಏರಲೇಬೇಕು. ಆದರೆ ಹರಿಹರದಲ್ಲಿ, ದಾವಣಗೆರೆಯಲ್ಲಿ ಮುಚ್ಚಿಹೋದ ಕಾರ್ಖಾನೆ, ಗಿರಣಿಗಳಲ್ಲಿ ಆಯುಷ್ಯ ಸವೆಸಿದವರಿಗೆ ಸಿಗುವುದು ಭವಿಷ್ಯ ನಿಧಿಯ 1995ರ ಯೋಜನೆಯ ಪಿಂಚಣಿ. ಅದಕ್ಕೆ ತುಟ್ಟಿಭತ್ಯೆಯೇ ಇಲ್ಲ. ಅದರ ಕನಿಷ್ಠ ಮೊತ್ತ 2014ರ ಸೆಪ್ಟೆಂಬರಿನಲ್ಲಿ ತಿಂಗಳಿಗೆ 1,000 ರೂಪಾಯಿ ಎಂದು ನಿಗದಿಯಾಯಿತು. ಹತ್ತು ವರ್ಷ ಕಳೆದು 2024 ಬಂದಾಗಲೂ ಅದು 1,000 ರೂಪಾಯಿಯೇ ಆಗಿತ್ತು. ಸಾವಿರ ಬೀಡಿಯ ಲೆಕ್ಕದಲ್ಲಿ ಕೂಲಿ ಪಡೆಯುವ ನಮ್ಮ ಸಹೋದರಿಯರಿಗೆ ಕಾನೂನಿನಲ್ಲಿ ಭತ್ಯೆ ಉಂಟು, ಅದು ಕೈಗೆ ಬರಲು ಚಳವಳಿ ಬೇಕು.

ಇಷ್ಟರವರೆಗೆ ನಾವು ಸರಕಾರವನ್ನು ಪ್ರಶ್ನಿಸಿದೆವು. ಈಗ ನಮ್ಮ ಮಸೀದಿಯ ಕಪಾಟಿನಲ್ಲಿರುವ ನಿಕಾಹ್ ಪುಸ್ತಕವನ್ನು ತೆರೆಯೋಣ.

ಮೆಹರ್ ಎರಡು ವಿಧ. ಕೂಡಲೇ ಕೊಡುವುದು ಮುಅಜ್ಜಲ್, ಮುಂದಕ್ಕೆ ಉಳಿಸುವುದೂ ಮುಅಜ್ಜಲ್. ಅರಬಿಯಲ್ಲಿ ಒಂದರಲ್ಲಿ 'ಐನ್' ಇದೆ, ಇನ್ನೊಂದರಲ್ಲಿ 'ಹಮ್ಜಾ'. ಕನ್ನಡದಲ್ಲಿ ಬರೆದರೆ ಎರಡೂ ಒಂದೇ ಕಾಣುತ್ತವೆ. ಮದ್ರಸದಲ್ಲಿ ಈ ವ್ಯತ್ಯಾಸ ಬರೆಯಲು ನಮಗೆ ಬಹಳ ಬೆತ್ತದ ಏಟು ಬಿದ್ದಿತ್ತು. ಗಂಡಂದಿರಿಗೆ ಮಾತ್ರ ಒಂದು ಏಟೂ ಇಲ್ಲದೆ ಎರಡರ ಅರ್ಥವೂ ಉಧಾರ್ ಎಂದಾಗಿಬಿಟ್ಟಿದೆ. 1990ರಲ್ಲಿ ಒಬ್ಬ ವಧುವಿಗೆ 5,000 ರೂಪಾಯಿ ಮೆಹರ್ ಉಧಾರ್ ಎಂದು ಬರೆದಿದ್ದಾರೆಂದು ತಿಳಿಯೋಣ. ಅಂದು ಹತ್ತು ಗ್ರಾಂ ಬಂಗಾರಕ್ಕೆ ಸುಮಾರು 3,200 ರೂಪಾಯಿ. ಆಕೆಯ ಹಕ್ಕು ಹದಿನೈದು ಗ್ರಾಂ ಬಂಗಾರಕ್ಕೆ ಸಮನಾಗಿತ್ತು. 2025ರಲ್ಲಿ ಹತ್ತು ಗ್ರಾಂ ಬಂಗಾರ ಒಂದು ಲಕ್ಷ ದಾಟಿತು. ಅದೇ 5,000 ರೂಪಾಯಿಗೆ ಈಗ ಅರ್ಧ ಗ್ರಾಂ ಕೂಡ ಬಾರದು. ಗಂಡ ಸುಳ್ಳು ಹೇಳಲಿಲ್ಲ, ಕದಿಯಲಿಲ್ಲ, ಬರೆದ ಮೊತ್ತವನ್ನು ನಿರಾಕರಿಸಲೂ ಇಲ್ಲ. ತಡಮಾಡಿದ, ಅಷ್ಟೇ. ಉಳಿದದ್ದನ್ನು ರೂಪಾಯಿ ಮಾಡಿತು.

ಇನ್ನೊಂದು ಸಂಗತಿ. ಹನಫಿ ಮದ್‌ಹಬ್‌ನಲ್ಲಿ ಮೆಹರ್‌ನ ಕನಿಷ್ಠ ಮಿತಿ ಹತ್ತು ದಿರ್ಹಮ್, ಅಂದರೆ ಸುಮಾರು 30.6 ಗ್ರಾಂ ಬೆಳ್ಳಿ. ಅದು ರೂಪಾಯಿಯಲ್ಲಿ ಇಲ್ಲ, ತೂಕದಲ್ಲಿದೆ ಎಂಬುದನ್ನು ಗಮನಿಸಿ. 2025ರಲ್ಲಿ ಬೆಳ್ಳಿ ಕಿಲೋಗೆ ಒಂದು ಲಕ್ಷ ದಾಟಿತು. ಒಂದು ಲಕ್ಷವೆಂದೇ ಹಿಡಿದರೂ ಆ ಕನಿಷ್ಠ ಮೊತ್ತ ಮೂರು ಸಾವಿರ ರೂಪಾಯಿ ಮೀರುತ್ತದೆ. 786 ರೂಪಾಯಿ, 1,001 ರೂಪಾಯಿ ಎಂದು ಶುಭ ಸಂಖ್ಯೆಗಳನ್ನು ಬರೆಸುವವರು ಶರೀಅತ್ತಿನ ಕನಿಷ್ಠವನ್ನೂ ಮುಟ್ಟುತ್ತಿಲ್ಲ. ಅದೇ ಮನೆಯವರು ಜೋಡೆಯ ಹಣ, ಬೈಕು, ಪೀಠೋಪಕರಣ ಕೇಳುವಾಗ ಇಂದಿನ ದರವನ್ನು ಚೆನ್ನಾಗಿ ಬಲ್ಲರು. ಪಡೆಯುವುದಕ್ಕೆ ಇಂದಿನ ಬೆಲೆ, ಕೊಡುವುದಕ್ಕೆ ಅಜ್ಜನ ಕಾಲದ ಬೆಲೆ!

ಉಲಮಾಗಳು ಈ ಸಮಸ್ಯೆಯನ್ನು ಕಾಣದವರಲ್ಲ. ತಾಮ್ರದ ನಾಣ್ಯದ ಬೆಲೆ ಇಳಿದರೆ ಸಾಲವನ್ನು ಎಣಿಕೆಯಲ್ಲಿ ತೀರಿಸಬೇಕೇ, ಮೌಲ್ಯದಲ್ಲೇ ಎಂಬ ಪ್ರಶ್ನೆಗೆ ಇಮಾಮ್ ಅಬೂ ಹನೀಫಾ ಎಣಿಕೆ ಎಂದರು, ಅವರ ಶಿಷ್ಯ ಇಮಾಮ್ ಅಬೂ ಯೂಸುಫ್ ಮೌಲ್ಯ ಎಂದರು. ಹದಿನೈದನೆಯ ಶತಮಾನದ ಆರಂಭದಲ್ಲಿ ಕೈರೋದ ಮಾರುಕಟ್ಟೆಯ ಮೇಲ್ವಿಚಾರಕರಾಗಿದ್ದ ಮಕ್ರೀಝಿ ಈಜಿಪ್ಟಿನ ಕ್ಷಾಮದ ಬಗ್ಗೆ ಬರೆಯುತ್ತ ಮೂರು ಕಾರಣ ಕೊಟ್ಟರು: ಲಂಚ ಕೊಟ್ಟು ಹುದ್ದೆ ಪಡೆಯುವುದು, ಜಮೀನಿನ ದುಬಾರಿ ಗೇಣಿ, ಲಂಗುಲಗಾಮಿಲ್ಲದ ತಾಮ್ರದ ನಾಣ್ಯ. ಈ ಪಟ್ಟಿಯನ್ನು ಇಂದಿನ ಯಾವುದೇ ಪತ್ರಿಕೆಯಲ್ಲಿ ಅಚ್ಚು ಹಾಕಬಹುದು. ಡಮಾಸ್ಕಸ್‌ನ ಇಬ್ನ್ ಆಬಿದೀನ್ ತುರ್ಕಿ ನಾಣ್ಯಗಳ ಬೆಲೆ ಇಳಿಯುತ್ತಿದ್ದ ಕಾಲದಲ್ಲಿ ಈ ಪ್ರಶ್ನೆಗಾಗಿಯೇ ಒಂದು ಪುಟ್ಟ ಗ್ರಂಥ ಬರೆದು, ನಷ್ಟ ಒಬ್ಬನ ಮೇಲೆಯೇ ಬೀಳದಂತೆ ಸಂಧಾನಕ್ಕೆ ದಾರಿ ಮಾಡಿದರು. ನಮ್ಮ ಕಾಲದಲ್ಲಿ 1988ರ ಅಂತಾರಾಷ್ಟ್ರೀಯ ಫಿಕ್ಹ್ ಅಕಾಡೆಮಿಯ ಕುವೈತ್ ಅಧಿವೇಶನ, ಸಾಲವನ್ನು ಪಡೆದಷ್ಟೇ ಎಣಿಕೆಯಲ್ಲಿ ತೀರಿಸಬೇಕು, ಬೆಲೆ ಸೂಚ್ಯಂಕಕ್ಕೆ ಕಟ್ಟುವಂತಿಲ್ಲ ಎಂದು ತೀರ್ಮಾನಿಸಿತು. ಬಡ್ಡಿಗೆ ಹಿಂಬಾಗಿಲು ತೆರೆಯಬಾರದೆಂಬ ಕಾಳಜಿ ಅದರಲ್ಲಿತ್ತು. ಆದರೆ ಮೆಹರ್‌ನ ವಿಷಯದಲ್ಲಿ ಈ ತೊಡಕೇ ಬೇಕಾಗಿಲ್ಲ. ಮೊದಲೇ ಬಂಗಾರ ಅಥವಾ ಬೆಳ್ಳಿಯ ತೂಕದಲ್ಲಿ ಬರೆದರೆ ಎಣಿಕೆ, ಮೌಲ್ಯ ಎರಡೂ ಒಂದೇ. ಖಾಝಿ ಮುಜಾಹಿದುಲ್ ಇಸ್ಲಾಮ್ ಖಾಸ್ಮಿಯವರ ನೇತೃತ್ವದ ಭಾರತದ ಇಸ್ಲಾಮಿಕ್ ಫಿಕ್ಹ್ ಅಕಾಡೆಮಿ 1989ರಲ್ಲಿ ಕಾಗದದ ಹಣದ ಕುರಿತು ನಡೆಸಿದ ವಿಚಾರಗೋಷ್ಠಿಯೂ ಮೆಹರನ್ನು ಹೀಗೆ ನಿಗದಿಪಡಿಸಲು ಸಲಹೆ ನೀಡಿತ್ತು. ಮೂರೂವರೆ ದಶಕವಾಯಿತು. ನಮ್ಮ ಎಷ್ಟು ನಿಕಾಹ್ ಪುಸ್ತಕಗಳಲ್ಲಿ ತೂಕಕ್ಕೊಂದು ಅಂಕಣವಿದೆ?

ಒಂದು ಎಚ್ಚರಿಕೆಯನ್ನೂ ಹೇಳಲೇಬೇಕು. ಬಂಗಾರದ ಮಾತು ಬಂದೊಡನೆ ಉಳಿತಾಯವನ್ನೆಲ್ಲ ಮಾರಿ ಬಂಗಾರ ಕೊಳ್ಳಿ ಎಂದು ನಾವು ಹೇಳುತ್ತಿಲ್ಲ. 2012ರ ಕೊನೆಗೆ 30 ಸಾವಿರ ದಾಟಿದ್ದ ಹತ್ತು ಗ್ರಾಂ ಬಂಗಾರ 2015ರಲ್ಲಿ 26 ಸಾವಿರದ ಆಸುಪಾಸಿಗೆ ಇಳಿದಿತ್ತು. ನೋಟನ್ನು ಬಿಟ್ಟು ದೀನಾರಿಗೆ ಮರಳಿದರೆ ಎಲ್ಲ ಸರಿಹೋಗುತ್ತದೆ ಎನ್ನುವ ಭಾಷಣಗಳೂ ಮೊಬೈಲಿನಲ್ಲಿ ಓಡಾಡುತ್ತವೆ. ದೀನಾರಿನ ಕಾಲದಲ್ಲೂ ಅರಸರು ಬಂಗಾರಕ್ಕೆ ತಾಮ್ರ ಬೆರೆಸುತ್ತಿದ್ದರು. ಎಲ್ಲಕ್ಕಿಂತ ಅಪಾಯಕಾರಿ ಎಂದರೆ ರೂಪಾಯಿ ಕರಗುವ ಭಯವನ್ನೂ ಬಡ್ಡಿಯ ಭಯವನ್ನೂ ಬಂಡವಾಳ ಮಾಡಿಕೊಳ್ಳುವವರು. ಬೆಂಗಳೂರಿನ ಐಎಂಎ ಹಲಾಲ್ ಲಾಭದ ಹೆಸರಿನಲ್ಲಿ ಹಣ ಸಂಗ್ರಹಿಸಿ 2019ರ ಜೂನಿನಲ್ಲಿ ಬಾಗಿಲು ಮುಚ್ಚಿದಾಗ ಬೀದಿಗೆ ಬಿದ್ದ ಹತ್ತಾರು ಸಾವಿರ ಠೇವಣಿದಾರರಲ್ಲಿ ಹೆಚ್ಚಿನವರು ನಮ್ಮವರೇ. ಮಗಳ ಮದುವೆಗೆಂದು ಇಟ್ಟವರು, ಗಲ್ಫ್‌ನಲ್ಲಿ ಬೆವರು ಸುರಿಸಿದವರು, ಒಡವೆ ಮಾರಿ ಕೊಟ್ಟ ವಿಧವೆಯರು. ಸರಕಾರದ ವಾಗ್ದಾನ ವರ್ಷಕ್ಕೆ ಇಷ್ಟಿಷ್ಟೇ ಕರಗಿದರೆ, ಈ ವಾಗ್ದಾನ ಒಂದೇ ಬಾರಿಗೆ ಆವಿಯಾಯಿತು.

ಆದ್ದರಿಂದ ನಮ್ಮ ಕೋರಿಕೆ ಬಹಳ ಚಿಕ್ಕದು. ದಾವಣಗೆರೆ ಮತ್ತು ಹರಿಹರದ ಜಮಾಅತ್‌ಗಳು ತಮ್ಮ ನಿಕಾಹ್ ಪುಸ್ತಕದಲ್ಲಿ ಮೆಹರ್‌ನ ಮುಂದೆ ಗ್ರಾಂ ಎಂಬ ಒಂದು ಅಂಕಣ ಸೇರಿಸಲಿ. ಬಂಗಾರವೋ ಬೆಳ್ಳಿಯೋ, ಎಷ್ಟು ಕ್ಯಾರೆಟ್, ಎಷ್ಟು ಗ್ರಾಂ, ಕೊಟ್ಟಾಗಿದೆಯೋ ಉಳಿದಿದೆಯೋ ಎಂದು ಖಾಝಿಗಳು ಸ್ಪಷ್ಟವಾಗಿ ಬರೆಯಲಿ. ಇಷ್ಟು ದುಬಾರಿಯಾದರೆ ಬಡ ಹುಡುಗ ಮದುವೆಯಾಗುವುದು ಹೇಗೆ ಎಂದು ಒಬ್ಬ ಹಿರಿಯರು ಈಗಾಗಲೇ ನಮ್ಮನ್ನು ಕೇಳಿದ್ದಾರೆ. ಬಡ ಹುಡುಗನಿಗೆ ಹತ್ತು ಗ್ರಾಂ ಬಂಗಾರ ಬರೆಸಬೇಕಾಗಿಲ್ಲ, ಒಂದು ಗ್ರಾಂ ಬರೆಸಲಿ, ಐವತ್ತು ಗ್ರಾಂ ಬೆಳ್ಳಿ ಬರೆಸಲಿ. ಬರೆದದ್ದು ಇಪ್ಪತ್ತು ವರ್ಷಗಳ ಬಳಿಕವೂ ಅಷ್ಟೇ ಇರಲಿ. ಆಗಲೇ ಬೇಡವೆಂದರೆ ನಿಕಾಹ್‌ನ ದಿನವೇ ಕೊಟ್ಟು ಮುಗಿಸಲಿ, ಅದಕ್ಕಿಂತ ಉತ್ತಮವಾದದ್ದು ಯಾವುದೂ ಇಲ್ಲ.

ಹಿಂದೆ ರೂಪಾಯಿಯಲ್ಲಿ ಬರೆದು ಇಂದಿಗೂ ಕೊಡದೆ ಉಳಿದ ಮೆಹರ್‌ಗಳ ಬಗ್ಗೆ ಕೊನೆಯ ಮಾತು. ಇಲ್ಲಿ ಕುಳಿತ ಗಂಡಂದಿರು ಇಂದು ರಾತ್ರಿ ಮನೆಗೆ ಹೋಗಿ ತಮ್ಮ ನಿಕಾಹ್‌ನಾಮಾ ಹುಡುಕಬಹುದು. ಬರೆದ ಎಣಿಕೆಯನ್ನಷ್ಟೇ ಕೊಟ್ಟರೆ ಸಾಲ ತೀರಿತೆಂದು ಫತ್ವಾ ಸಿಗಬಹುದು. ಇಬ್ನ್ ಆಬಿದೀನರು ತೋರಿಸಿದ ಸಂಧಾನದ ದಾರಿಯೂ ಇದೆ, ಪತ್ನಿಯೊಡನೆ ಕುಳಿತು ಅಂದಿನ ಬೆಲೆ, ಇಂದಿನ ಬೆಲೆ ಲೆಕ್ಕ ಹಾಕಿ ಇಬ್ಬರೂ ಒಪ್ಪುವ ಮೊತ್ತಕ್ಕೆ ಬರಲು ಯಾವ ಶರೀಅತ್ತೂ ಅಡ್ಡಿ ಹೇಳದು. ತಂದೆ ತೀರಿಹೋದ ಮನೆಗಳಲ್ಲಿ ತಾಯಿಯ ಮೆಹರ್ ಆಸ್ತಿಯ ಮೇಲಿನ ಸಾಲ. ಅದನ್ನು ತೀರಿಸಿದ ಬಳಿಕವೇ ಮಕ್ಕಳಿಗೆ ಪಾಲು. ಮನೆ ಪಾಲಾಗಿ ಗೋಡೆ ಎದ್ದ ಮೇಲೆ, ಅಮ್ಮೀ ನಿಮ್ಮ ಮೆಹರ್ ಎಷ್ಟಿತ್ತು ಎಂದು ಕೇಳುವುದರಿಂದ ಏನೂ ಆಗದು.

ಮಗ್ರಿಬ್‌ಗೆ ಇನ್ನೂ ಅರ್ಧ ಗಂಟೆಯಿದೆ. ಪ್ರಶ್ನೆಗಳಿದ್ದರೆ ಚೀಟಿಯಲ್ಲಿ ಬರೆದು ಕಳಿಸಬಹುದು. ಪರದೆಯ ಆಚೆ ಕುಳಿತ ತಾಯಂದಿರ, ಸಹೋದರಿಯರ ಚೀಟಿಗಳನ್ನು ಮೊದಲು ಓದುತ್ತೇವೆ.